16 ಎಂಬಿ ಫೈಲ್ 22 ಎಂಬಿ ಆಗಿದ್ದು ಹೇಗೆ?

ಪ್ರಶ್ನೆ: ಜಮೀನಿನ ಹಳೇ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಾರವಾರದ ವಕೀಲರಿಗೆ ಇಮೇಲ್ ಕಳಿಸಿದೆ. ಪಿಡಿಎಫ್ 16 ಎಂಬಿ, ಅವರ ಮೇಲ್ ಮಿತಿ 20 ಎಂಬಿ. ಆದರೂ ದೊಡ್ಡದಾಯಿತು ಅಂತ ವಾಪಸ್ ಬಂತು. ಜೊತೆಗೆ ಬಂದ ಫೈಲ್ ತೆರೆದರೆ ಸಾಲು ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಕಾಗದ ಹಾಳಾಯಿತಾ? ವೈರಸ್ಸಾ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಗಾಬರಿ ಬೇಡ. ಏನೂ ಹಾಳಾಗಿಲ್ಲ, ಆ ಅಕ್ಷರಗಳೇ ನಿಮ್ಮ ಕಾಗದ.

ಇಮೇಲ್ ಶುರುವಾಗಿದ್ದು ಬರೀ ಇಂಗ್ಲಿಷ್ ಬರಹ ಸಾಗಿಸಲಿಕ್ಕೆ. ಮೇಲ್ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮದಲ್ಲೂ ಒಂದು ಅಕ್ಷರಕ್ಕೆ 7 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1) ಮಾತ್ರ. ಪಿಡಿಎಫ್, ಫೋಟೋಗಳ ಒಂದೊಂದು ಬೈಟ್‌ಗೂ 8 ಬಿಟ್ ಬೇಕು. ಹಾಗೇ ಕಳಿಸಿದರೆ ದಾರಿಯಲ್ಲಿ ಯಾವುದೋ ಕಂಪ್ಯೂಟರ್ ಎಂಟನೇ ಬಿಟ್ಟನ್ನು ಕಿತ್ತುಹಾಕುತ್ತಿತ್ತು, ಇನ್ಯಾವುದೋ ಒಂದು ಬೈಟನ್ನು ನೋಡಿ ಸಾಲು ಮುಗಿಯಿತು ಅಂದುಕೊಳ್ಳುತ್ತಿತ್ತು. ಈ ತೊಂದರೆಗೆ ಫೈಲನ್ನೇ ಸಾದಾ ಅಕ್ಷರಗಳಾಗಿ ಬದಲಿಸುವ ಯುಯುಎನ್‌ಕೋಡ್ 1980ರಲ್ಲೇ ಬಂತು, 1992ರಲ್ಲಿ ಮೇಲ್‌ಗೆ ಫೈಲ್ ಸೇರಿಸುವ ಮೈಮ್ ನಿಯಮದ ಜೊತೆ ಅಂಥದ್ದೇ ಇನ್ನೊಂದು ವಿಧಾನ, ಬೇಸ್64. ಅಟ್ಯಾಚ್‌ಮೆಂಟ್ ಇವತ್ತಿಗೂ ಸಾಮಾನ್ಯವಾಗಿ ಬೇಸ್64 ಆಗಿಯೇ ಹೋಗುತ್ತದೆ.

ಲೆಕ್ಕ ಸುಲಭ. 8 ಕಿಲೋ ಅಡಿಕೆಯ 3 ಚೀಲ ಇವೆ ಅನ್ನಿ. ಬಿಚ್ಚಿ 6 ಕಿಲೋದಂತೆ ತುಂಬಿದರೆ 4 ಚೀಲ ಆಗುತ್ತವೆ, ಅಡಿಕೆ ಅದೇ 24 ಕಿಲೋ. ಆದರೆ ಲಾರಿಯಲ್ಲಿ ಜಾಗ 4 ಚೀಲದ್ದು ಬೇಕಲ್ವಾ? ಹಾಗೇ 3 ಬೈಟ್‌ನ 24 ಬಿಟ್ಟನ್ನು ಆರಾರಾಗಿ ಒಡೆದು, ಒಂದೊಂದು ತುಂಡಿಗೂ ಒಂದು ಅಕ್ಷರ ಕೊಡುತ್ತಾರೆ. ಆ ಅಕ್ಷರ ಒಂದೊಂದೂ ಒಂದು ಬೈಟ್ ಜಾಗ ಹಿಡಿಯುತ್ತದೆ, ಹಾಗಾಗಿ 3 ಬೈಟ್ 4 ಆಗುತ್ತದೆ. 6 ಬಿಟ್‌ನಲ್ಲಿ 64 ಬಗೆ: 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ, ಪ್ಲಸ್, ಓರೆಗೆರೆ. ಕೊನೆಯ ತುಂಡು ಸಾಲದಿದ್ದರೆ ಸಮ ಚಿಹ್ನೆ ಹಾಕಿ ಭರ್ತಿ ಮಾಡುತ್ತಾರೆ. 76 ಅಕ್ಷರಕ್ಕೊಮ್ಮೆ ಸಾಲು ಮುರಿಯುವುದೂ ಸೇರಿ ನಿಮ್ಮ 16 ಎಂಬಿ ಹತ್ತಿರ ಹತ್ತಿರ 22 ಆಯಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಸರಿಯಾಗಿ 3 ಬೈಟ್, ಅಂದರೆ ಬೇಸ್64ರಲ್ಲಿ ಸರಿಯಾಗಿ 4 ಅಕ್ಷರ. ‘ಅ’ ಬರೆದರೆ ‘4, ಎಲ್, ಕೆ, ಎಫ್’ ಆಗುತ್ತದೆ. ಕನ್ನಡದ ಬರಹ ಬೇಸ್64ರಲ್ಲಿ ಕಂಡರೆ ‘4, ಎಲ್’ ಜೋಡಿ ಮತ್ತೆ ಮತ್ತೆ ಸಿಗುತ್ತದೆ, ಸುಮ್ನೆ ಒಮ್ಮೆ ಹುಡುಕಿ ನೋಡಿ.

ಆದರೆ ಇದು ಗುಟ್ಟಿನ ಲಿಪಿ ಅಲ್ಲ. ಕೀಲಿ ಇಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ವಾಪಸ್ ಬಿಡಿಸಬಹುದು. ಜಮೀನಿನ ಕಾಗದ ಅಂದಮೇಲೆ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಅದನ್ನು ವಕೀಲರಿಗೆ ಫೋನಿನಲ್ಲಿ ಹೇಳಿ. ಫೈಲನ್ನು ಎರಡು ಭಾಗ ಮಾಡಿ, ಒಂದೊಂದನ್ನೂ 14 ಎಂಬಿ ಒಳಗಿಟ್ಟು ಬೇರೆ ಬೇರೆ ಮೇಲ್‌ನಲ್ಲಿ ಕಳಿಸಿ.