‘ಬರೀ ಬಟನ್ ಒತ್ತೋನು ಮೇಡಂ ನಾನು’

ಕೆಲಸದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವನು 23 ವರ್ಷದ ಹುಡುಗ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಏಳು ತಿಂಗಳು ಸಿಎನ್‌ಸಿ ಟರ್ನಿಂಗ್ ಮಷೀನ್ (ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ, ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಯಂತ್ರ) ನಡೆಸಿದ್ದ. ಆಮೇಲೆ ಕೆಲಸ ಬಿಟ್ಟು ಅದೇ ಮಷೀನಿನ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದ್ದ. ಮೂರು ಇಂಟರ್‌ವ್ಯೂಗೆ ಹೋಗಿ ಮೂರರಲ್ಲೂ ಬರಿಗೈಲಿ ವಾಪಸ್ ಬಂದಿದ್ದ. ‘ನನಗೆ ಈ ಲೈನೇ ಆಗಿಬರಲ್ಲ ಅನ್ಸುತ್ತೆ’ ಎನ್ನುತ್ತಲೇ ಕುಳಿತ.

ಬಯೋಡೇಟಾ ನೋಡಿದೆ. ಮೇಲೆ ದಪ್ಪಕ್ಷರದಲ್ಲಿ ‘ಸಿಎನ್‌ಸಿ ಪ್ರೋಗ್ರಾಮರ್’. ಆ ಏಳು ತಿಂಗಳು ಮಾತ್ರ ಕೊನೆಯ ಒಂದೇ ಸಾಲಿನಲ್ಲಿ. ಯಾಕಪ್ಪಾ ಎಂದರೆ, ‘ಅದರಲ್ಲಿ ಹೇಳೋಕೇನಿದೆ? ಜಾಬ್ (ಕೆತ್ತಬೇಕಾದ ತುಂಡು) ಹಾಕೋದು, ಬಟನ್ ಒತ್ತೋದು, ತೆಗೆಯೋದು. ಬರೀ ಬಟನ್ ಒತ್ತೋನು ಮೇಡಂ ನಾನು.’

ಕೊನೆಯ ಇಂಟರ್‌ವ್ಯೂ ಬಗ್ಗೆ ಕೇಳಿದೆ. ಡ್ರಾಯಿಂಗ್‌ನಲ್ಲಿ ಹೊರವ್ಯಾಸ 25.00 ಮಿ.ಮೀ. ಇದೆ, ಟೂಲ್ ಸವೆದು 25.04 ಬರುತ್ತಿದೆ, ಏನು ಮಾಡ್ತೀಯ ಅಂದರಂತೆ. ಇವನು ‘ಪ್ರೋಗ್ರಾಂ ಬದಲಾಯಿಸ್ತೀನಿ’ ಎಂದ. ಅಲ್ಲಿಗೆ ಮುಗಿಯಿತು. ಪ್ರೋಗ್ರಾಂ ಮುಟ್ಟದೆ, ಆ ಟೂಲಿನ ಆಫ್‌ಸೆಟ್‌ನಲ್ಲಿ (ಟೂಲ್ ಸವೆದಷ್ಟು ಅಳತೆ ಸರಿಪಡಿಸುವ ಜಾಗ) ಎಕ್ಸ್‌ಗೆ, ಅಂದರೆ ವ್ಯಾಸಕ್ಕೆ, ಮೈನಸ್ 0.04 ಕೊಟ್ಟು, ಇನ್ನೊಂದು ಜಾಬ್ ಹೊಡೆದು, ಮತ್ತೆ ಅಳೆಯಬೇಕಿತ್ತು. (ನನಗೆ ಮಷೀನ್ ಗೊತ್ತಿಲ್ಲ. ಮಷೀನನ್ನು ಹೊಸ ಜಾಬ್‌ಗೆ ಸಜ್ಜುಮಾಡುವ ಸೆಟ್ಟರ್ ಒಬ್ಬರು ಪರಿಚಯ, ಅವರನ್ನು ಕೇಳಿ ತಿಳಿದುಕೊಂಡೆ.)

ವಿಚಿತ್ರ ಅಂದರೆ, ಹುಡುಗನಿಗೆ ಇದು ಗೊತ್ತಿತ್ತು. ಸೆಟ್ಟರ್ ಮಾಡುವುದನ್ನು ದಿನಾ ನೋಡಿದ್ದ. ‘ಗೊತ್ತಿತ್ತು ಮೇಡಂ. ಆದ್ರೆ ಅದು ಆಪರೇಟರ್ ಹೇಳೋ ಉತ್ತರ ಅನ್ನಿಸ್ತು.’

ತೊಂದರೆ ಇರುವುದು ಇಲ್ಲೇ ಎಂದುಕೊಂಡೆ. ಅನುಭವ ಕಡಿಮೆ ಇದ್ದುದು ನಿಜ. ಆದರೆ ಇದ್ದಷ್ಟನ್ನೂ ಅವನು ಬಚ್ಚಿಡುತ್ತಿದ್ದ. ಒಂದು ಪಾಳಿಯ ಕೆಲಸ ಪೂರ್ತಿ ಹೇಳು ಎಂದೆ. ಮೊದಲು ತಡವರಿಸಿದ, ಆಮೇಲೆ ಮಾತು ನಿಲ್ಲಲೇ ಇಲ್ಲ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಚೂರು) ಸವೆದಾಗ ಶಬ್ದ ಬದಲಾಗುತ್ತದೆ, ಜಾಬಿನ ಹೊಳಪು ಮಂಕಾಗುತ್ತದೆ, ಜಾಬ್ ಹಿಡಿಯುವ ಚಕ್‌ನ ದವಡೆಯಲ್ಲಿ ಲೋಹದ ಒಂದು ಚಿಪ್ (ಚೂರು) ಸಿಕ್ಕಿಕೊಂಡರೂ ಜಾಬ್ ಓಲಾಡುತ್ತದೆ. ಇದನ್ನೆಲ್ಲ ಯಾವ ಕೋರ್ಸೂ ಅವನಿಗೆ ಕಲಿಸಿರಲಿಲ್ಲ.

ಮೊದಲು ಬಯೋಡೇಟಾ ತಿರುಗಿಸಿ ಬರೆಯಲು ಹೇಳಿದೆ. ತಲೆಬರಹದಲ್ಲಿ ‘ಆಪರೇಟರ್’ ಇರಲಿ. ಯಾವ ಕಂಟ್ರೋಲರ್ (ಮಷೀನ್ ನಡೆಸುವ ಕಂಪ್ಯೂಟರ್), ಯಾವ ಲೋಹ, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಯಾವುದರಿಂದ ಅಳೆಯುತ್ತಿದ್ದೆ ಎಂಬುದು ಮೇಲೆ ಬರಲಿ, ಕೋರ್ಸ್ ಅದರ ಕೆಳಗೆ.

ಇಂಟರ್‌ವ್ಯೂನಲ್ಲಿ ಇವನೂ ಒಂದು ಪ್ರಶ್ನೆ ಕೇಳಬೇಕು: ‘ಇಲ್ಲಿ ಸೆಟ್ಟಿಂಗ್ ಯಾರು ಮಾಡ್ತಾರೆ, ನಾನು ಪಕ್ಕದಲ್ಲಿ ನಿಂತು ನೋಡಬಹುದಾ?’ ಒಂದೇ ಜಾಬ್ ತಿಂಗಳುಗಟ್ಟಲೆ ಓಡುವ ಕಡೆ ಸೆಟ್ಟಿಂಗ್ ನೋಡಲು ಸಿಗುವುದೇ ಅಪರೂಪ. ಸಣ್ಣ ವರ್ಕ್‌ಶಾಪ್‌ನಲ್ಲಿ ಜಾಬ್ ಬೇಗ ಬೇಗ ಬದಲಾಗುತ್ತದೆ, ಆದರೆ ಕೂರಿಸಿಕೊಂಡು ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೇಳಿ ಕೇಳಿ ಕಲಿಯುವ ಹುಡುಗನಾದ್ದರಿಂದ ಎರಡನೆಯದೇ ಸರಿ ಎಂದೆ.

ಕೈಗೆ ಅಭ್ಯಾಸ ಬೇಕಿತ್ತು. ಮೈಕ್ರೋಮೀಟರ್ ಒರೆಸಿ, ಸೊನ್ನೆ ನೋಡಿ, ಒಂದೇ ತುಂಡನ್ನು ಹತ್ತು ಸಲ ಅಳೆ. ಹತ್ತೂ ಸಲ 0.01 ಮಿ.ಮೀ. ಒಳಗೇ ಬರುವವರೆಗೆ ಬಿಡಬೇಡ. ಓಡುತ್ತಿರುವ ಪ್ರೋಗ್ರಾಂನ ಮುಂದಿನ ಸಾಲು ಓದಿ, ಟೂಲ್ ಎಲ್ಲಿಗೆ ಹೋಗುತ್ತದೆಂದು ಮೊದಲೇ ಊಹಿಸು. ಕೇಳದೆ ಆಫ್‌ಸೆಟ್ ಮುಟ್ಟಲೇಬೇಡ. ಕೆಲವು ಕಂಟ್ರೋಲರ್‌ಗಳಲ್ಲಿ ಚುಕ್ಕಿ ಮರೆತು ಬರೀ 50 ಎಂದು ಹೊಡೆದರೆ ಮಷೀನ್ ಅದನ್ನು 0.05 ಎಂದು ಓದುತ್ತದೆ. ಇದು ಅವನೇ ನನಗೆ ಹೇಳಿಕೊಟ್ಟದ್ದು. ‘ಇದನ್ನೂ ಇಂಟರ್‌ವ್ಯೂನಲ್ಲಿ ಹೇಳು’ ಎಂದೆ.

ಏಳುವಾಗ ಬಾಗಿಲ ಹತ್ತಿರ ನಿಂತ. ‘ಮನೇಲಿ ಪ್ರೋಗ್ರಾಮರ್ ಆಗ್ತೀನಿ ಅಂತ ಹೇಳಿಬಿಟ್ಟಿದ್ದೀನಿ.’ ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಯಾರಾದರೂ ಒಬ್ಬರಿಗೆ ನಿಜ ಹೇಳು, ಸುಲಭವಾಗಿ ಕೇಳಿಸಿಕೊಳ್ಳೋರು ಯಾರು ಎಂದೆ. ‘ಅಕ್ಕ’ ಎಂದ.

ಎರಡು ತಿಂಗಳ ಮೇಲೆ ಫೋನ್ ಬಂತು. ಆಪರೇಟರ್ ಕೆಲಸ ಸಿಕ್ಕಿದೆ, ಸದ್ಯಕ್ಕೆ ರಾತ್ರಿ ಪಾಳಿ. ಅಕ್ಕನಿಗೆ ಹೇಳಿದ್ದಾನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.