ಉಪ್ಪುನೀರಿಗೂ ಸೂಜಿ ಯಾಕೆ?

ಪ್ರಶ್ನೆ: ಬೆಳಗೆದ್ದರೆ ಸಾಲುಸಾಲು ಸೀನು, ಮೂಗು ಸೋರುವುದು. ಅಲರ್ಜಿ ಪರೀಕ್ಷೆಗೆಂದು ಮುಂದೋಳಿನ ತುಂಬ ಹನಿ ಹಾಕಿ ಒಂದೊಂದಕ್ಕೂ ಸೂಜಿ ಚುಚ್ಚಿದರು. ಅದರಲ್ಲಿ ಒಂದು ಬರೀ ಉಪ್ಪುನೀರಂತೆ, ಇನ್ನೊಂದು ಯಾರಿಗೆ ಹಾಕಿದರೂ ಊದುವ ಔಷಧವಂತೆ. ಅವೆರಡನ್ನು ಚುಚ್ಚಿದ್ದು ಬಿಲ್ಲು ಬೆಳೆಸೋಕಾ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ಬಿಲ್ಲಿನ ಮೇಲೆ ಅನುಮಾನ ಇರಲಿ, ಒಳ್ಳೆಯದೇ. ಆದರೆ ಆ ಎರಡು ಹನಿ ಇಲ್ಲದಿದ್ದರೆ ಮಿಕ್ಕವನ್ನು ನಾನಂತೂ ನಂಬುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯರಿದ್ದರು. ನಿಮ್ಮಂತೆಯೇ ಸೀನುವ ಗಿರಾಕಿ. ಬೇಸಿಗೆಯ ಈ ಕಾಟಕ್ಕೆ ಬಿಸಿಲು, ಓಜೋನ್, ಒಣಹುಲ್ಲಿನ ವಾಸನೆ ಎಂದು ಆಗಿನವರು ಏನೇನೋ ಕಾರಣ ಹೇಳುತ್ತಿದ್ದರು. ಬ್ಲ್ಯಾಕ್ಲಿ ತಮ್ಮ ಚರ್ಮವನ್ನೇ ತರಚಿ, ಹುಲ್ಲಿನ ಪರಾಗ ಹಚ್ಚಿ ಒದ್ದೆ ಬಟ್ಟೆ ಕಟ್ಟಿದರು. ಕೆಲವೇ ನಿಮಿಷಕ್ಕೆ ನವೆ, ಆಮೇಲೆ ಊತ. ಅವರ ಜಾಣತನ ಇರುವುದು ಮುಂದಿನದರಲ್ಲಿ: ಮೈಯ ಇನ್ನೊಂದು ಬದಿಯನ್ನೂ ಹಾಗೆಯೇ ತರಚಿ, ಪರಾಗ ಹಚ್ಚದೆ ಕಟ್ಟಿದರು. ಅಲ್ಲಿ ಊದಲಿಲ್ಲ. ಅಂದರೆ ತಪ್ಪು ಗಾಯದ್ದಲ್ಲ, ಪರಾಗದ್ದು. 1873ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. (ಗಾಳಿಪಟಕ್ಕೆ ಅಂಟುಗಾಜು ಕಟ್ಟಿ ಆಕಾಶದ ಪರಾಗವನ್ನೂ ಹಿಡಿದ ಆಸಾಮಿ ಅವರು!) 'ಅಲರ್ಜಿ' ಎಂಬ ಹೆಸರು ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ವೈದ್ಯ ಫಾನ್ ಪಿರ್ಕೆ ಅವರಿಂದ. 1912ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಆಸ್ಕರ್ ಶ್ಲಾಸ್ ಚರ್ಮ ತರಚಿ ನೋಡಿಯೇ ಒಬ್ಬ ಹುಡುಗನಿಗೆ ಮೊಟ್ಟೆ, ಬಾದಾಮಿ, ಓಟ್ಸ್ ಆಗದೆಂದು ತೋರಿಸಿದರು.

ನಿಮ್ಮ ಉಪ್ಪುನೀರು ಬ್ಲ್ಯಾಕ್ಲಿಯ ಆ ಪರಾಗವಿಲ್ಲದ ತರಚು. ಕೆಲವರ ಚರ್ಮ ಉಗುರಿನಲ್ಲಿ ಗೀರಿದರೂ ದಪ್ಪಗೆ ಏಳುತ್ತದೆ; ಅಂಥವರಿಗೆ ಉಪ್ಪುನೀರಿನ ಚುಚ್ಚೂ ಊದಿ ಗುಟ್ಟು ಬಿಟ್ಟುಕೊಡುತ್ತದೆ. ಇನ್ನೊಂದು ಹನಿ ಹಿಸ್ಟಮಿನ್. ಅಲರ್ಜಿಯಾದಾಗ ನಮ್ಮ ಮೈಯೇ ಬಿಡುವ ರಾಸಾಯನಿಕ ಅದು. ಅದೂ ಊದಲಿಲ್ಲ ಎಂದರೆ ನೀವು ಹಿಂದಿನ ದಿನ ಹಿಸ್ಟಮಿನ್ನನ್ನು ತಡೆಯುವ ಸಿಟ್ರಿಜಿನ್ ಮಾತ್ರೆ ನುಂಗಿ ಬಂದಿರಬಹುದು, ಆಗ 'ಯಾವ ಅಲರ್ಜಿಯೂ ಇಲ್ಲ' ಎಂಬ ವರದಿಗೆ ಬೆಲೆಯಿಲ್ಲ. ಕಾಲು ಗಂಟೆ ಬಿಟ್ಟು ಅಳೆದಾಗ ಉಪ್ಪುನೀರಿಗಿಂತ ಕನಿಷ್ಠ 3 ಮಿಲಿಮೀಟರ್ ಹೆಚ್ಚು ಊದಿದ್ದನ್ನೇ ಲೆಕ್ಕಕ್ಕೆ ಹಿಡಿಯುವುದು. ಊದಿದ್ದೆಲ್ಲ ನಿಮ್ಮ ಸೀನಿಗೆ ಕಾರಣವೂ ಅಲ್ಲ. ದಿನಾ ತೊಂದರೆಯಿಲ್ಲದೆ ತಿನ್ನುವ ಬದನೆಕಾಯಿಯನ್ನು ಒಂದು ಗುಳ್ಳೆ ನೋಡಿ ಬಿಡಬೇಡಿ.

ಹೊಲದಲ್ಲಿ ಕಾಂಗ್ರೆಸ್ ಗಿಡ ಕಿತ್ತು ಕತ್ತು, ಮುಖ ತುರಿಸುವವರಿಗೆ ಸೂಜಿಯಲ್ಲ, ಬೆನ್ನಿಗೆ ಪಟ್ಟಿ ಅಂಟಿಸುವ ಪರೀಕ್ಷೆ ಬೇಕು. ಅದನ್ನು 48 ಗಂಟೆ ಬಿಟ್ಟು ತೆಗೆಯುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಹಾಕುವಂತಿಲ್ಲ.