ಎರಡು ನೀರಿನ ಬಾಟಲಿಗಳು

ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹದಿಮೂರರ ಹುಡುಗಿ. ಶಾಲೆ ಬಿಟ್ಟ ಮೇಲೆ ನಡೆಯುವ ನಾಟಕ ತರಬೇತಿಗೆ ಆಯ್ಕೆಯಾದವಳು ಎರಡೇ ವಾರಕ್ಕೆ ಬಿಟ್ಟಳು. ಬಿಡುವವರು ತುಂಬಬೇಕಾದ ನಮೂನೆಯಲ್ಲಿ ‘ಆಸಕ್ತಿ ಇಲ್ಲ’ ಎಂಬುದಕ್ಕೆ ಗುರುತು ಹಾಕಿದ್ದಳು. ಪ್ರತಿಭೆ ಇದೆ, ಧೈರ್ಯ ಸಾಲದು, ಸ್ವಲ್ಪ ಹುರಿದುಂಬಿಸಿ ಎಂದು ಶಿಕ್ಷಕರು ಶಾಲೆಯ ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದರು. ಮೊದಲ ಎರಡು ಭೇಟಿಗಳಲ್ಲಿ ನಾನು ಸಭಾಕಂಪನದ ಬಗ್ಗೆ ಮಾತನಾಡಿದ್ದೇ ಮಾತನಾಡಿದ್ದು, ಅವಳು ತಲೆಯಾಡಿಸಿದ್ದೇ ಆಡಿಸಿದ್ದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ಸಲ ಬಂದಾಗ ಕೊನೆಯ ಗಂಟೆ ಹೊಡೆಯಲು ಹತ್ತೇ ನಿಮಿಷವಿತ್ತು. ಕುರ್ಚಿಯ ಅಂಚಿನಲ್ಲಿ ಕುಳಿತಳು. ಚೀಲವನ್ನು ಬೆನ್ನಿನಿಂದ ಇಳಿಸಲೇ ಇಲ್ಲ. ಅದರ ಎರಡೂ ಪಕ್ಕದಲ್ಲಿ ನೀರಿನ ಬಾಟಲಿ. ಒಂದು ಸಾಮಾನ್ಯದ್ದು. ಇನ್ನೊಂದು ಗೇಣುದ್ದದ್ದು, ಮೇಲೆ ಆನೆಮರಿಯ ಚಿತ್ರ, ಮುಚ್ಚಳದ ತುಂಬ ಹಲ್ಲಿನ ಗುರುತು. ಹೇಳಲು ಬೇರೇನೂ ಉಳಿಯದೆ ಕೇಳಿದೆ: "ಎರಡು ಬಾಟಲಿ ಏಕೆ?"

"ಚಿಕ್ಕದು ತಮ್ಮನದು. ಅವನ ಕೈಗೆ ಕೊಟ್ಟರೆ ಕಳೆದುಕೊಂಡು ಬರುತ್ತಾನೆ. ನಾನು ಹೋಗುವವರೆಗೆ ಗೇಟಿನ ಬಳಿಯೇ ನಿಂತಿರುತ್ತಾನೆ."

ತಾಯಿ ಕೆಲಸದಿಂದ ಬರುವುದು ಕತ್ತಲಾದ ಮೇಲೆ. "ಹಾಗಿದ್ದರೆ ಆಸಕ್ತಿ ಇಲ್ಲ ಎಂದು ಏಕೆ ಬರೆದೆ?"

"ಹಾಗೆ ಬರೆದರೆ ಮನೆಗೆ ಫೋನ್ ಹೋಗುವುದಿಲ್ಲ, ಮೇಡಂ."

ಗಂಟೆ ಹೊಡೆಯಿತು. ಎದ್ದು ಹೊರಟೇಬಿಟ್ಟಳು.

ಬೇರೆ ಮಕ್ಕಳು ಹಾಕಿದ ಅದೇ ಗುರುತಿನ ಹಿಂದೆಯೂ ನಾನು ಏನೆಲ್ಲ ಕಂಡಿದ್ದೇನೆ! ತಪ್ಪಿಹೋಗುವ ಕೊನೆಯ ಬಸ್ಸು, ಉಚಿತ ತರಬೇತಿಗೆ ಕೈಯಿಂದ ಹಾಕಿಕೊಳ್ಳಬೇಕಾದ ಬೂಟಿನ ಖರ್ಚು, ಅಪ್ಪ ಅಮ್ಮನಿಗೆ ಓದಲು ಬಾರದ ಒಪ್ಪಿಗೆ ಪತ್ರ. ಯಾವುದಕ್ಕೂ ನಮೂನೆಯಲ್ಲಿ ಜಾಗವಿರುವುದಿಲ್ಲ.

ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ತಪ್ಪು ನಿನ್ನದಲ್ಲ, ನಿಜವಾದ ಕಾರಣವನ್ನು ನಾಟಕದ ಶಿಕ್ಷಕರಿಗೆ ಹೇಳೋಣ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ. ದೊಡ್ಡ ಸಲಹೆ ಸಿಕ್ಕಿದ್ದು ಶಿಕ್ಷಕರಿಗೆ. ಎರಡು ಸಲ ತಡವಾದರೆ ಹೆಸರು ತೆಗೆಯುವ ನಿಯಮವನ್ನು ಸಡಿಲಿಸಿ, ಅವಳ ದೃಶ್ಯವನ್ನು ಅಭ್ಯಾಸದ ಕೊನೆಗೆ ಇಡಿ, ತಾಯಿ ಒಪ್ಪಿದರೆ ತಮ್ಮನನ್ನು ಒಂದು ಮೂಲೆಯಲ್ಲಿ ಕೂರಲು ಬಿಡಿ ಎಂದೆ. ತಾಯಿಯನ್ನು ಕೇಳುವ ಕೆಲಸವನ್ನು ಹುಡುಗಿಯೇ ವಹಿಸಿಕೊಂಡಳು.

ಅವಳಿಗೆ ಸಮಯ ನಿರ್ವಹಣೆ ಕಲಿಸಬೇಕಿತ್ತು, ತಾಯಿಯನ್ನು ಕರೆಸಿ ಬುದ್ಧಿ ಹೇಳಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿರ್ವಹಿಸಲು ಸಮಯವೇ ಇಲ್ಲದವಳಿಗೆ ಏನನ್ನು ಕಲಿಸುವುದು? ತಾಯಿಯನ್ನು ಕರೆಸುವುದೆಂದರೆ ಮಗು ಯಾವುದಕ್ಕೆ ಹೆದರಿ ಸುಳ್ಳು ಬರೆಯಿತೋ ಅದನ್ನೇ ಮಾಡಿದಂತೆ. ನಾಟಕವೇನು ಅನ್ನ ಹಾಕುತ್ತದೆಯೇ ಎಂದವರೂ ಇದ್ದರು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ವಿರಾಮ, ಕಲೆಗಳನ್ನು ಹಕ್ಕೆಂದೇ ಕರೆಯುತ್ತದೆ. ಪುರುಸೊತ್ತಿರುವ ಮಕ್ಕಳಿಗೆ ಮಾತ್ರ ಎಂದು ಅಲ್ಲೆಲ್ಲೂ ಬರೆದಿಲ್ಲ.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ತಮ್ಮನಿಗೆ ಜ್ವರ ಬಂದ ವಾರ ಅವಳು ಬರಲಿಲ್ಲ. ಬಂದ ದಿನಗಳಲ್ಲಿ ಅವನು ಮೂಲೆಯಲ್ಲಿ ಕುಳಿತು ಬಾಟಲಿಯ ಮುಚ್ಚಳ ಕಚ್ಚುತ್ತಾ ಅಕ್ಕನ ಮಾತುಗಳನ್ನು ಅವಳಿಗಿಂತ ಮೊದಲೇ ಹೇಳಿಬಿಡುತ್ತಿದ್ದ. ನಮೂನೆಯಲ್ಲಿದ್ದ ‘ಆಸಕ್ತಿ ಇಲ್ಲ’ ಎಂಬ ಸಾಲನ್ನು ಈಗ ತೆಗೆಸಿದ್ದೇನೆ. ಅದರ ಬದಲು ‘ಶಾಲೆ ಬಿಟ್ಟ ಕೂಡಲೇ ಎಲ್ಲಿಗೆ ಹೋಗುತ್ತೀಯ?’ ಎಂಬ ಪ್ರಶ್ನೆ ಇದೆ. ಮೊದಲ ವಾರವೇ ಒಬ್ಬ ಹುಡುಗ ಬರೆದಿದ್ದ: "ಅಜ್ಜನಿಗೆ ಮಾತ್ರೆ ಕೊಡಲು."